ಕನ್ನಡಕ್ಕೆ ಕಿಟ್ಟೆಲ್, ಮಲಯಾಳಕ್ಕೆ ಗುಂಡರ್ಟ್: ಈ ಹೋಲಿಕೆ ಸರಿಯೇ?

ಓದುಗರ ಪ್ರಶ್ನೆ: ಕನ್ನಡಕ್ಕೆ ಕಿಟ್ಟೆಲ್ ಹೇಗೋ ಮಲಯಾಳಕ್ಕೆ ಹರ್ಮನ್ ಗುಂಡರ್ಟ್ ಹಾಗೆ ಅನ್ನುತ್ತಾರೆ. ನಿಜವೇ? ಅವರು ಮಾಡಿದ್ದಾದರೂ ಏನು?

ನಿಜ. ಆದರೆ ಗುಂಡರ್ಟರೇ ಹಿರಿಯರು. ಅವರ ಮಲಯಾಳಂ–ಇಂಗ್ಲಿಷ್ ನಿಘಂಟು ಬಂದದ್ದು 1872ರಲ್ಲಿ, ಕಿಟ್ಟೆಲರದು 1894ರಲ್ಲಿ. ಎರಡೂ ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಿಂದ. ಸಾವಿರಕ್ಕೂ ಹೆಚ್ಚು ಪುಟಗಳ ಆ ಮಲಯಾಳಂ ನಿಘಂಟು ನಮ್ಮ ಕರಾವಳಿಯಲ್ಲಿ ಪುಸ್ತಕವಾಯಿತು ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಗುಂಡರ್ಟ್ ಹುಟ್ಟಿದ್ದು 1814ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 1836ರಲ್ಲಿ ಮದರಾಸಿಗೆ ಬಂದು ಮೊದಲು ತಮಿಳು ಕಲಿತರು. 1838ರಲ್ಲಿ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿದರು, ಮರುವರ್ಷ ಉತ್ತರ ಕೇರಳದ ತಲಶ್ಶೇರಿಯ ಹತ್ತಿರದ ಇಲ್ಲಿಕ್ಕುನ್ನಿನ ಬಂಗಲೆಯಲ್ಲಿ ನೆಲೆಸಿದರು. ಅವರಿಗೆ ಮಲಯಾಳ ಪಾಠ ಹೇಳಿದವರು ಚೊಕ್ಲಿಯ ಊರಾಚೇರಿ ಗುರುನಾಥನ್ಮಾರ್ ಎಂಬ ವಿದ್ವಾಂಸ ಸಹೋದರರು ಎಂದು ಆ ಸೀಮೆಯ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಗುಂಡರ್ಟರ ಹೆಸರೆತ್ತುವಾಗ ಆ ಗುರುಗಳ ಹೆಸರನ್ನೂ ಎತ್ತಬೇಕು. ಕಲಿಸುವವರಿಲ್ಲದೆ ಪರಭಾಷೆಯ ಒಳಮನೆಗೆ ಯಾರೂ ಕಾಲಿಡಲಾರರು.

ಈಗ ನಿಘಂಟಿನ ಒಳಗೆ ಹೋಗೋಣ. ಅಲ್ಲಿ ಪದದ ಅರ್ಥ ಕೊಟ್ಟು ಕೈತೊಳೆದುಕೊಂಡಿಲ್ಲ, ಪದ ಎಲ್ಲಿಂದ ಬಂತೆಂಬುದಕ್ಕೆ ಗುರುತು ಹಾಕಿದ್ದಾರೆ. 'ಟಿ.ಆರ್.' ಎಂದಿದ್ದರೆ ಅದು ತಲಶ್ಶೇರಿ ದಾಖಲೆಗಳ ಮಾತು: ಅರಸರು, ನಾಡಿನ ಜನ ಈಸ್ಟ್ ಇಂಡಿಯಾ ಕಂಪನಿಗೆ ಬರೆದ ಕಾಗದಗಳು. 'ಕೆ.ಯು.' ಎಂದಿದ್ದರೆ ಕೇರಳದ ಹುಟ್ಟಿನ ಕಥೆ ಹೇಳುವ ಹಳೆಯ ಗ್ರಂಥ ಕೇರಳೋತ್ಪತ್ತಿಯದು. ಗಾದೆಯಿಂದ ಬಂದದ್ದಕ್ಕೂ ಗುರುತುಂಟು. ಕಾವ್ಯಕ್ಕೂ ಕಂದಾಯದ ಕಾಗದಕ್ಕೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ಈ ಮನಸ್ಸೇ ನನಗೆ ಅವರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು.

ತಮಿಳು, ಕನ್ನಡ, ತುಳುವಿನ ನಂಟು ಪದಗಳನ್ನೂ ಅಲ್ಲಲ್ಲಿ ಪಕ್ಕಕ್ಕೇ ಇಟ್ಟಿದ್ದಾರೆ. ಮಲಯಾಳದ ವೇರ್ ನಮ್ಮ ಬೇರು, ವಿಲ ನಮ್ಮ ಬೆಲೆ, ವಾಯ್ ನಮ್ಮ ಬಾಯಿ. ಅಲ್ಲಿನ ವಕಾರ ಇಲ್ಲಿ ಬಕಾರವಾಗುತ್ತದೆ. ಇದು ಗೊತ್ತಾದ ಮೇಲೆ ಮಲಯಾಳ ಅರ್ಧ ಪರಿಚಿತವಾದಂತೆಯೇ. ಸಂಸ್ಕೃತದೊಳಗಿನ ದ್ರಾವಿಡ ಅಂಶಗಳ ಬಗ್ಗೆ ಗುಂಡರ್ಟ್ 1869ರಲ್ಲೇ ಜರ್ಮನ್‌ನಲ್ಲಿ ಲೇಖನ ಬರೆದಿದ್ದರು.

ನಿಘಂಟಿಗೂ ಮೊದಲು, 1847ರ ಜೂನ್‌ನಲ್ಲಿ, ಇಲ್ಲಿಕ್ಕುನ್ನಿನ ಕಲ್ಲಚ್ಚಿನಿಂದ ಮಲಯಾಳದ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' ಹೊರಟಿತು, ಅದೇ ವರ್ಷ 'ಪಶ್ಚಿಮೋದಯಂ' ಕೂಡ. ಅದಕ್ಕೆ ನಾಲ್ಕು ವರ್ಷ ಮೊದಲೇ ಗೆಳೆಯ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಆರಂಭಿಸಿದ್ದರು. ಗುಂಡರ್ಟರ ವ್ಯಾಕರಣ 1851ರಲ್ಲಿ ಬಂತು, ಬೆಳೆದು 1868ರಲ್ಲಿ ಮತ್ತೆ ಬಂತು.

ಅವರು ಬಂದದ್ದು ಮತಪ್ರಚಾರಕ್ಕೆ ಅಲ್ಲವೇ ಎಂದು ಕೇಳುವವರುಂಟು. ಹೌದು, ಮರೆಮಾಚುವಂಥದ್ದಲ್ಲ. ರಾಜ್ಯಸಮಾಚಾರದ ತುಂಬ ಇದ್ದದ್ದು ಅದೇ. ನಿಘಂಟು ಮಾತ್ರ ಎಲ್ಲ ಮಲಯಾಳಿಗಳದಾಯಿತು.

ಆರೋಗ್ಯ ಕೆಟ್ಟು 1859ರಲ್ಲಿ ಜರ್ಮನಿಗೆ ಮರಳಿದರು. ನಿಘಂಟನ್ನು ಮುಗಿಸಿದ್ದು ಅಲ್ಲಿಯೇ, ಕಾಲ್ವ್ ಎಂಬ ಸಣ್ಣ ಪಟ್ಟಣದಲ್ಲಿ. 1893ರಲ್ಲಿ ತೀರಿಕೊಂಡದ್ದೂ ಅಲ್ಲೇ. ತಲಶ್ಶೇರಿಯಲ್ಲಿ ಹುಟ್ಟಿದ ಮಗಳು ಮೇರಿಯ ಮಗನೇ ನೊಬೆಲ್ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. ಗುಂಡರ್ಟ್ ಕೂಡಿಟ್ಟ ಹಸ್ತಪ್ರತಿಗಳು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿವೆ. 2018ರಿಂದ ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು, ಕಂಪನಿಯ ವಿರುದ್ಧ ಹೋರಾಡಿದ ಪಳಶ್ಶಿ ರಾಜನ ಕಾಗದಗಳೂ ಅವುಗಳಲ್ಲಿ ಸೇರಿವೆ.