ಕೆಗ್ಗಿಗೆ ಫ್ರಿಜ್ ಬೇಕೇ ಬೇಕಾ?

ಡಿಸೆಂಬರಿನಲ್ಲಿ ಮೆಲ್ಬರ್ನ್‌ನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಫ್ರಿಜ್ ಕೆಟ್ಟಿದೆ. ಬಿಯರ್ ತುಂಬಿದ ಸ್ಟೀಲ್ ಪೀಪಾಯಿ, ಅದೇ ಕೆಗ್ಗನ್ನು, ಗ್ಯಾರೇಜಿನಲ್ಲಿಟ್ಟಿದ್ದೆ. ಒತ್ತಡದ ಗೇಜಿನ ಮುಳ್ಳು 12ರಲ್ಲಿದ್ದದ್ದು 38ಕ್ಕೆ ಏರಿತು. ಹೆದರಿ ಗ್ಯಾಸ್ ಬಿಟ್ಟುಬಿಟ್ಟೆ."

ಅಲ್ಲೇ ತಪ್ಪಿದ್ದು.

ಬೆಂಗಳೂರಿನಲ್ಲಿ ಬಿಯರ್ ಕಾಯಿಸುವುದೇ ನನ್ನ ಕೆಲಸವಾಗಿತ್ತು. ಈಗ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಇಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಿದರೆ ಅಬಕಾರಿಯವರೇ ಮನೆಗೆ ಬಂದಾರು. ಅಳಿಯನಿಗೆ ಆ ಚಿಂತೆ ಇಲ್ಲ, ಅಲ್ಲಿ ಸ್ವಂತಕ್ಕೆ ಮಾಡಿಕೊಳ್ಳಬಹುದು.

ಬಿಯರ್ ಬಿಸಿಯಾದಂತೆ ಅದರಲ್ಲಿ ಕರಗಿದ ಗ್ಯಾಸ್ ಮೇಲೆ ಬರುತ್ತದೆ. 4 ಡಿಗ್ರಿಯಲ್ಲಿ 12 ಪಿಎಸ್‌ಐ (ಒತ್ತಡದ ಅಳತೆ) ತೋರಿಸುವ ಬಿಯರ್, 30 ಡಿಗ್ರಿಯಲ್ಲಿ ಸುಮಾರು 38 ತೋರಿಸುತ್ತದೆ. ಒಳಗಿನ ಗ್ಯಾಸ್ ಮೊದಲಿನಷ್ಟೇ, ಒತ್ತಡ ಮಾತ್ರ ಜಾಸ್ತಿ. 19 ಲೀಟರಿನ ಸ್ಟೀಲ್ ಕೆಗ್ 130 ಪಿಎಸ್‌ಐವರೆಗೆ ತಡೆಯುತ್ತದೆ. ಸುಮ್ನೆ ಬಿಟ್ಟಿದ್ದರೆ ತಣ್ಣಗಾದಾಗ ಮುಳ್ಳು ತಾನಾಗಿ ಇಳಿಯುತ್ತಿತ್ತು, ಗ್ಯಾಸೂ ಬಿಯರಿನಲ್ಲೇ ಉಳಿಯುತ್ತಿತ್ತು. ಆದರೆ ಹುದುಗು ಪೂರ್ತಿ ಮುಗಿದಿರಬೇಕು, ಇಲ್ಲದಿದ್ದರೆ ಒಳಗೆ ಹೊಸ ಗ್ಯಾಸ್ ಹುಟ್ಟುತ್ತಲೇ ಇರುತ್ತದೆ. ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸದೆ ಕೆಗ್ಗಿಗೆ ತುಂಬಬಾರದು.

ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೇ ಹುಳಿ ಹಿಡಿಯುತ್ತದೆ, ಬಿಯರ್ ಯಾಕೆ ಹಾಗಾಗುವುದಿಲ್ಲ? ಕಳ್ಳನ್ನು ಯಾರೂ ಕುದಿಸುವುದಿಲ್ಲ, ಮಡಕೆಯ ಬಾಯಿಯೂ ತೆರೆದೇ ಇರುತ್ತದೆ. ಬಿಯರಿನ ರಸವನ್ನು ಗಂಟೆ ಹೊತ್ತು ಕುದಿಸಿರುತ್ತಾರೆ. ಹಾಪ್ಸ್ ಹೂವಿನ ಕಹಿ ಹುಳಿ ಮಾಡುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಮತ್ತೆ ವಿನೆಗರ್ ಆಗಬೇಕಾದರೆ ಗಾಳಿ ಬೇಕು. ಹಾಗಾಗಿ ಕೆಗ್ ತುಂಬಿದ ಮೇಲೆ ಕಾರ್ಬನ್ ಡೈಆಕ್ಸೈಡ್ ಒತ್ತಿ ಬಿಡುವುದನ್ನು ಮೂರು ನಾಲ್ಕು ಸಲ ಮಾಡಿ, ಒಳಗಿನ ಗಾಳಿ ಹೊರಹಾಕಬೇಕು. ಮುಚ್ಚಳದ ಸುತ್ತ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ ಅಂತ ಲೆಕ್ಕ.

ರುಚಿಯ ಕತೆ ಬೇರೆ. ಶಾಖ 10 ಡಿಗ್ರಿ ಏರಿದರೆ ಬಿಯರ್ ಹಳತಾಗುವ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಹಾಪ್ಸ್ ಘಮ ಜಾಸ್ತಿ ಇರುವುದನ್ನು ಮೊದಲು ಕುಡಿದು ಮುಗಿಸಬೇಕು, ಕೆಲವೇ ವಾರದಲ್ಲಿ ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಸ್ಟೌಟ್ ಎಂಬ ಗಟ್ಟಿ ಕಪ್ಪು ಬಿಯರ್ ತಿಂಗಳುಗಟ್ಟಲೆ ತಡೆಯುತ್ತದೆ.

ಒದ್ದೆ ಗೋಣಿ ಸುತ್ತಿ ನೆಲಕ್ಕೇ ಇಡು ಅಂದೆ. ಅಲ್ಲಿನ ಒಣ ಬಿಸಿಲಿಗೆ ಇದು ಚೆನ್ನಾಗಿ ತಂಪು ಮಾಡುತ್ತದೆ. ನಮ್ಮ ಜೂನ್ ಮಳೆಯಲ್ಲಿ ಗೋಣಿಗೆ ಬೂಸು ಹಿಡಿಯುತ್ತದೆ, ಅಷ್ಟೇ.

"ಈಗೇನು ಮಾಡಲಿ?"

"ರಾತ್ರಿಯಿಡೀ ಐಸ್ ನೀರಿನ ಟಬ್ಬಿನಲ್ಲಿ ಮುಳುಗಿಸಿಡು. ಬಿಸಿ ಇರುವಾಗ ನಲ್ಲಿ ತಿರುಗಿಸಿದರೆ ಬರೀ ನೊರೆ. ಆಮೇಲೆ 12ಕ್ಕೆ ಗ್ಯಾಸ್ ಕೊಟ್ಟು ವಾರ ಕಾಯಿ."

"ವಾರವಾ? ನಾಡಿದ್ದು ಕ್ರಿಸ್‌ಮಸ್ ಮಾವ!"

"ಹಾಗಾದರೆ ಗ್ಯಾಸಿನ ಒತ್ತಡ 30ಕ್ಕೆ ಏರಿಸಿ ಒಂದು ದಿನ ಇಡು, ಐಸ್ ಮಾತ್ರ ಹಾಕುತ್ತಲೇ ಇರು."