ತೈಲ ಹಡಗಿನ ಖಾಲಿ ಟ್ಯಾಂಕು ಸುರಕ್ಷಿತವೇ?

ಪ್ರಶ್ನೆ: ನನ್ನ ಮಗ ಕಾಕಿನಾಡದಾಚೆ ಸಮುದ್ರದಲ್ಲಿ ನಿಂತಿರುವ ತೈಲ ಉತ್ಪಾದನಾ ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅವನು ಮಲಗುವ ಕೋಣೆಯೂ ಲಕ್ಷಗಟ್ಟಲೆ ಬ್ಯಾರೆಲ್ ಕಚ್ಚಾ ತೈಲವೂ ಒಂದೇ ಹಡಗಿನಲ್ಲಿವೆಯಂತೆ, ಮೇಲೆ ಬೆಂಕಿ ಬೇರೆ ಉರಿಯುತ್ತದಂತೆ. ತೈಲವನ್ನು ಸಾಗಿಸಿ ಟ್ಯಾಂಕು ಖಾಲಿ ಮಾಡಿದ ದಿನಗಳಲ್ಲಾದರೂ ನಾವು ನೆಮ್ಮದಿಯಿಂದ ಇರಬಹುದೇ?

ಉತ್ತರ: ಈ ಪ್ರಶ್ನೆಯ ಕೊನೆಯ ವಾಕ್ಯ ಬೇರೆ ಬೇರೆ ರೂಪದಲ್ಲಿ ನನ್ನ ಬಳಿಗೆ ಎಷ್ಟು ಸಲ ಬಂದಿದೆಯೆಂದರೆ, ಉತ್ತರವನ್ನು ಅಚ್ಚು ಹಾಕಿಸಿ ಹಂಚಿಬಿಡೋಣ ಎನಿಸುತ್ತದೆ. ಆದರೂ ಕೇಳಿದವರು ತಂದೆಯಾದ್ದರಿಂದ ಮತ್ತೊಮ್ಮೆ ಹೇಳುತ್ತೇನೆ.

ನೀವು ಹೇಳುತ್ತಿರುವುದು ಎಫ್‌ಪಿಎಸ್‌ಒ ಎಂದು ಕರೆಯುವ ಹಡಗನ್ನು. ಸಮುದ್ರತಳದ ಬಾವಿಗಳಿಂದ ಬಂದ ತೈಲದಿಂದ ನೀರು ಮತ್ತು ಅನಿಲವನ್ನು ಅದರ ಮೇಲೆಯೇ ಬೇರ್ಪಡಿಸಿ, ತೈಲವನ್ನು ಒಡಲಿನ ಟ್ಯಾಂಕುಗಳಲ್ಲಿ ತುಂಬಿಟ್ಟು, ಆಗಾಗ ಬರುವ ಟ್ಯಾಂಕರಿಗೆ ದಾಟಿಸುತ್ತಾರೆ. ಒಎನ್‌ಜಿಸಿ 2024ರ ಜನವರಿ 7ರಂದು ಕೃಷ್ಣಾ–ಗೋದಾವರಿ ಆಳಸಮುದ್ರದಲ್ಲಿ ತೈಲ ತೆಗೆಯಲಾರಂಭಿಸಿದ್ದು ಇಂಥ ಹಡಗಿನಿಂದಲೇ. ಮೇಲೆ ಕಾಣುವ ಬೆಂಕಿಯ ಬಗ್ಗೆ ಚಿಂತೆ ಬೇಡ. ಬಳಸಲಾಗದ ಅನಿಲವನ್ನು ಗಾಳಿಗೆ ಬಿಡುವುದಕ್ಕಿಂತ, ಎತ್ತರದಲ್ಲಿ, ಟ್ಯಾಂಕುಗಳಿಂದ ದೂರದಲ್ಲಿ ಸುಟ್ಟುಬಿಡುವುದೇ ಕ್ಷೇಮ.

ಇನ್ನು ಖಾಲಿ ಟ್ಯಾಂಕಿನ ವಿಚಾರ. ತೈಲವಿದ್ದರೆ ಅಪಾಯ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕ ಕೇಳಲು ಸರಿಯಾಗಿಯೇ ಇದೆ, ಆದರೆ ಅದು ತಪ್ಪು. ಉರಿಯುವುದು ದ್ರವವಲ್ಲ, ದ್ರವದಿಂದ ಏಳುವ ಆವಿ. ಆ ಆವಿಯೂ ಗಾಳಿಯೊಡನೆ ಒಂದು ಪ್ರಮಾಣದಲ್ಲಿ ಬೆರೆತರೆ ಮಾತ್ರ ಹೊತ್ತಿಕೊಳ್ಳುತ್ತದೆ, ಹೆಚ್ಚಾದರೂ ಇಲ್ಲ, ಕಡಿಮೆಯಾದರೂ ಇಲ್ಲ. ಕಂಠಮಟ್ಟ ತುಂಬಿದ ಟ್ಯಾಂಕಿನಲ್ಲಿ ಇವೆರಡೂ ಬೆರೆಯಲು ಜಾಗವೇ ಅತ್ಯಲ್ಪ. ಖಾಲಿ ಮಾಡಿದ ಟ್ಯಾಂಕಿನಲ್ಲಾದರೋ ಗೋಡೆಗೆ ಅಂಟಿದ ಜಿಡ್ಡು, ತಳದಲ್ಲಿ ಉಳಿದ ಕೆಸರು ಆವಿಯನ್ನು ಬಿಡುತ್ತಲೇ ಇರುತ್ತವೆ. ಗಾಳಿ ಒಳಗೆ ಹೊಕ್ಕರೆ ಒಂದು ಕಲ್ಯಾಣಮಂಟಪದಷ್ಟು ಜಾಗ ಸ್ಫೋಟಕ ಮಿಶ್ರಣದಿಂದ ತುಂಬಿಹೋಗುತ್ತದೆ. ನಿಮ್ಮೂರಿನ ಅನುಭವಸ್ಥ ವೆಲ್ಡರ್ ಒಬ್ಬನಿಗೆ ಹಳೆಯ ಡೀಸೆಲ್ ಡ್ರಮ್ಮನ್ನು ಕತ್ತರಿಸಲು ಹೇಳಿ ನೋಡಿ. ಮೊದಲು ಅದರಲ್ಲಿ ಏನಿತ್ತು, ತೊಳೆದಿದ್ದೀರಾ ಎಂದು ಕೇಳದೆ ಅವನು ಟಾರ್ಚ್ ಹಚ್ಚುವುದಿಲ್ಲ.

ಹಡಗಿನ ಲೋಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1969ರ ಡಿಸೆಂಬರ್ ಒಂದೇ ತಿಂಗಳಿನಲ್ಲಿ ಮಾರ್ಪೆಸಾ, ಮ್ಯಾಕ್ಟ್ರಾ, ಕಾಂಗ್ ಹಾಕೊನ್ 7 ಎಂಬ ಮೂರು ಬೃಹತ್ ಟ್ಯಾಂಕರುಗಳು ಆಫ್ರಿಕಾದ ಸುತ್ತಲಿನ ಸಮುದ್ರದಲ್ಲಿ ಸ್ಫೋಟಿಸಿದವು, ಮಾರ್ಪೆಸಾ ಮುಳುಗಿಯೇಹೋಯಿತು. ಮೂರರಲ್ಲಿ ಯಾವುದೂ ತೈಲ ಹೊತ್ತು ಸಾಗುತ್ತಿರಲಿಲ್ಲ. ತೈಲ ಇಳಿಸಿ ಹಿಂದಿರುಗುವಾಗ ಖಾಲಿ ಟ್ಯಾಂಕುಗಳನ್ನು ತೊಳೆಯಲಾಗುತ್ತಿತ್ತು, ಅಷ್ಟೇ. ಅತಿ ಒತ್ತಡದಲ್ಲಿ ಚಿಮ್ಮುವ ನೀರಿನ ಮಂಜಿನಲ್ಲಿ ಹುಟ್ಟುವ ಸ್ಥಾಯೀ ವಿದ್ಯುತ್ತೇ ಕಿಡಿಯಾಗಿರಬೇಕೆಂದು ತನಿಖೆಗಳು ಬೊಟ್ಟುಮಾಡಿದವು. ತೊಳೆಯುವ ನೀರೇ ಬೆಂಕಿ ಹಚ್ಚಿತೆಂದರೆ ನನ್ನ ತರಗತಿಯಲ್ಲಿ ಇಂದಿಗೂ ಅರ್ಧದಷ್ಟು ಮಂದಿ ನಂಬುವುದಿಲ್ಲ.

ಆ ಬಳಿಕ ಕಡ್ಡಾಯವಾಗುತ್ತ ಬಂದದ್ದೇ ಇನರ್ಟ್ ಗ್ಯಾಸ್, ಅಂದರೆ ಜಡ ಅನಿಲದ ವ್ಯವಸ್ಥೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21ರಷ್ಟಿರುತ್ತದೆ. ಅದು ಶೇ 11ಕ್ಕಿಂತ ಕೆಳಗಿಳಿದರೆ ತೈಲದ ಆವಿಗೆ ಉರಿಯುವ ಶಕ್ತಿಯಿಲ್ಲ. ಆದ್ದರಿಂದ ಬಾಯ್ಲರಿನ ಹೊಗೆಯನ್ನು ತೊಳೆದು ತಣಿಸಿ ಟ್ಯಾಂಕಿಗೆ ಊದಿ, ಒಳಗಿನ ಆಮ್ಲಜನಕವನ್ನು ಶೇ 8ರೊಳಗೆ ಇಡುತ್ತಾರೆ. ತೈಲ ಹೊರಗೆ ಹೋದಂತೆಲ್ಲ ಅದರ ಜಾಗಕ್ಕೆ ಗಾಳಿ ಬಾರದೆ ಈ ಅನಿಲವೇ ಬರುತ್ತದೆ. ಯೆಮನ್ ಕರಾವಳಿಯಲ್ಲಿ ಸುಮಾರು 11 ಲಕ್ಷ ಬ್ಯಾರೆಲ್ ತೈಲದೊಂದಿಗೆ ತುಕ್ಕು ಹಿಡಿಯುತ್ತಿದ್ದ ಸೇಫರ್ ಎಂಬ ಸಂಗ್ರಹ ಹಡಗನ್ನು ಕಂಡು ತಜ್ಞರು ನಿದ್ದೆಗೆಟ್ಟದ್ದಕ್ಕೆ ತುಕ್ಕಷ್ಟೇ ಕಾರಣವಲ್ಲ. 2017ರಲ್ಲಿ ಅದರ ಜಡ ಅನಿಲದ ವ್ಯವಸ್ಥೆ ನಿಂತುಹೋಗಿತ್ತು. 2023ರಲ್ಲಿ ವಿಶ್ವಸಂಸ್ಥೆಯ ಕಾರ್ಯಾಚರಣೆಯಲ್ಲಿ ತೈಲವನ್ನು ಬೇರೆ ಹಡಗಿಗೆ ಸಾಗಿಸುವ ಮೊದಲು ಆ ಟ್ಯಾಂಕುಗಳಿಗೆ ಜಡ ಅನಿಲವನ್ನೇ ತುಂಬಬೇಕಾಯಿತು.

ಟ್ಯಾಂಕೊಂದು ಸರಿಯಿದ್ದರೆ ಹಡಗೆಲ್ಲ ಸರಿ ಎಂದೂ ಭಾವಿಸಬೇಡಿ. ಬ್ರೆಜಿಲಿನಲ್ಲಿ 2015ರ ಫೆಬ್ರುವರಿ 11ರಂದು ಸಿಡಾಡೆ ಡೆ ಸಾವೊ ಮಾಟೆಯಸ್ ಎಂಬ ಎಫ್‌ಪಿಎಸ್‌ಒದಲ್ಲಿ 9 ಮಂದಿ ಸತ್ತದ್ದು ಪಂಪ್ ರೂಮಿನಲ್ಲಿ ಸೋರಿದ ಹಗುರ ತೈಲದಿಂದ. ಅನಿಲದ ಅಲಾರಂ ಕೂಗಿದ ಮೇಲೂ ಜನರನ್ನು ಆ ಕೋಣೆಗೆ ಕಳುಹಿಸಲಾಗಿತ್ತು.

ನೀವು ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆಯೊಂದಿದೆ: ಈ ಹಡಗಿನ ಒಡಲು ಗಟ್ಟಿಯಾಗಿದೆಯೆಂದು ಯಾರು, ಹೇಗೆ ನೋಡುತ್ತಾರೆ? ಸಾಮಾನ್ಯ ಟ್ಯಾಂಕರ್ ಕೆಲವು ವರ್ಷಗಳಿಗೊಮ್ಮೆ ಡ್ರೈ ಡಾಕ್‌ಗೆ, ಅಂದರೆ ನೀರು ಬರಿದು ಮಾಡಿ ಹಡಗಿನ ತಳವನ್ನು ನೋಡುವ ಕಟ್ಟೆಗೆ, ಹೋಗುತ್ತದೆ. ಎಫ್‌ಪಿಎಸ್‌ಒ ಹತ್ತಿಪ್ಪತ್ತು ವರ್ಷ ಇದ್ದಲ್ಲಿಯೇ ಇದ್ದು, ತುಂಬುತ್ತ ಬರಿದಾಗುತ್ತ, ಅಲೆಯಲ್ಲಿ ಬಾಗುತ್ತ ನಿಲ್ಲಬೇಕು. ಆದ್ದರಿಂದ ಒಂದು ಟ್ಯಾಂಕನ್ನು ಬರಿದು ಮಾಡಿ, ಪಕ್ಕದ ಟ್ಯಾಂಕಿನಲ್ಲಿ ತೈಲವಿರುವಾಗಲೇ, ಮನುಷ್ಯರು ಒಳಗಿಳಿದು ತಗಡಿನ ದಪ್ಪ ಅಳೆದು ಬಿರುಕು ಹುಡುಕುತ್ತಾರೆ. ಅದಕ್ಕೆ ಮೊದಲು ಜಡ ಅನಿಲ ಊದಿ ಆವಿಯನ್ನು ಶೇ 2ರ ಕೆಳಗೆ ತರಬೇಕು, ಆಮೇಲಷ್ಟೇ ಗಾಳಿ ಬಿಡಬೇಕು. ಈ ಕ್ರಮ ತಪ್ಪಿದರೆ ಮಿಶ್ರಣವು ಉರಿಯುವ ಪ್ರಮಾಣದ ಮೂಲಕವೇ ಹಾದುಹೋಗುತ್ತದೆ. ಬೆಂಕಿಯನ್ನು ತಡೆದ ಜಡ ಅನಿಲವೇ ಉಸಿರಾಡುವವನನ್ನು ಕೊಲ್ಲುತ್ತದೆಂಬುದನ್ನು ಮ್ಯಾನ್‌ಹೋಲ್ ಸಾವುಗಳ ಸುದ್ದಿ ಓದುವವರಿಗೆ ವಿವರಿಸಬೇಕಿಲ್ಲ. ಆಮ್ಲಜನಕ ಶೇ 21ಕ್ಕೆ ಮರಳಿದೆಯೆಂದು ಅಳೆದು ಬರೆದುಕೊಟ್ಟ ಮೇಲೆಯೇ ಒಳಗೆ ಕಾಲಿಡಬೇಕು.

ಹಾಗಾಗಿ ಟ್ಯಾಂಕು ಖಾಲಿಯಾದ ದಿನ ನಿಮ್ಮ ಮಗನಿಗೆ ಬಿಡುವಿನ ದಿನವಲ್ಲ. ಹೊಸಬನಾದ್ದರಿಂದ ಟ್ಯಾಂಕಿನ ಬಾಯಿಯ ಬಳಿ ಕಾವಲು ನಿಲ್ಲುವ ಕೆಲಸ ಅವನಿಗೇ ಬರಬಹುದು. ಒಳಗಿದ್ದವರು ಕುಸಿದರೂ ಅವನು ಅವರ ಹಿಂದೆ ಇಳಿಯಕೂಡದು. ಅಲಾರಂ ಒತ್ತಿ, ಉಸಿರಾಟದ ಉಪಕರಣ ಧರಿಸಿದವರು ಬರುವವರೆಗೆ ಅಲ್ಲಿಯೇ ನಿಂತಿರಬೇಕು.