ಮಾತ್ರೆ ಶುರುವಾದ ಮೇಲೂ ಟಿಎಸ್‌ಎಚ್ ಏಕೆ ಮೇಲೇಳುವುದಿಲ್ಲ: ಹೈಪರ್‌ಥೈರಾಯ್ಡ್ ವರದಿ ಓದುವವರಿಗೆ ಅಧ್ಯಯನ ಟಿಪ್ಪಣಿ

ನಾನು ನರ್ಸಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ಥೈರಾಯ್ಡ್ ಅಧ್ಯಾಯವನ್ನು ಎರಡು ಬಾರಿ ಓದಿ, ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ. ಆದರೂ ನಮ್ಮ ಸೋದರತ್ತೆಯವರ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಅದನ್ನು ತಪ್ಪಾಗಿ ಓದಿದೆ. ಆ ತಪ್ಪಿನ ಮೇಲೆಯೇ ಅವರಿಗೆ ಸಲಹೆ ಹೇಳಲು ಹೊರಟಿದ್ದೆ. ಎಲ್ಲಿ ಎಡವಿದೆನೆಂಬುದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಥೈರಾಯ್ಡ್ ಹಾರ್ಮೋನು (ಟಿ4 ಮತ್ತು ಟಿ3) ಹೆಚ್ಚಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು, ಥೈರಾಯ್ಡನ್ನು ದುಡಿಸುವ ತನ್ನ ಹಾರ್ಮೋನಾದ ಟಿಎಸ್‌ಎಚ್ ಸುರಿಸುವುದನ್ನು ತಗ್ಗಿಸುತ್ತದೆ, ಕಡಿಮೆಯಾದರೆ ಹೆಚ್ಚಿಸುತ್ತದೆ ಎಂಬ ಮೂಲಪಾಠ ನಿಮಗೆ ಗೊತ್ತಿದೆಯೆಂದು ಭಾವಿಸಿ ಮುಂದುವರಿಯುತ್ತೇನೆ.

ಮೊದಲ ವರದಿ

ಅತ್ತೆಯವರಿಗೆ 47 ವರ್ಷ. ಮೂರು ತಿಂಗಳಲ್ಲಿ ಏಳು ಕಿಲೋ ತೂಕ ಇಳಿದಿತ್ತು, ಕೈ ನಡುಗುತ್ತಿತ್ತು, ಮಲಗಿದ್ದಾಗಲೂ ಎದೆ ಹೊಡೆದುಕೊಳ್ಳುತ್ತಿತ್ತು. ಟಿಎಸ್‌ಎಚ್ 0.01ಕ್ಕಿಂತ ಕಡಿಮೆ ಎಂದು ವರದಿಯಲ್ಲಿ ಬಂದಿತ್ತು. ಸಹಜ ಮಿತಿ ಸುಮಾರು 0.4ರಿಂದ 4. ಫ್ರೀ ಟಿ4 ಡೆಸಿಲೀಟರಿಗೆ 4.2 ನ್ಯಾನೊಗ್ರಾಂ ಇತ್ತು; ಆ ಪ್ರಯೋಗಾಲಯದ ಮಿತಿ 0.8ರಿಂದ 1.8. ಒಟ್ಟು ಟಿ3 ಡೆಸಿಲೀಟರಿಗೆ 410 ನ್ಯಾನೊಗ್ರಾಂ, ಒಟ್ಟು ಟಿ4 18 ಮೈಕ್ರೊಗ್ರಾಂ.

ಇಲ್ಲಿ ಫ್ರೀ ಮತ್ತು ಒಟ್ಟು ಎಂಬ ಭೇದವನ್ನು ಮರೆಯಬಾರದು. ರಕ್ತದಲ್ಲಿರುವ ಟಿ4ನ ಬಹುತೇಕ ಭಾಗ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ; ಜೀವಕೋಶದೊಳಗೆ ಹೋಗಿ ಕೆಲಸ ಮಾಡುವುದು ಬಿಡಿಯಾಗಿರುವ ಅತ್ಯಲ್ಪ ಅಂಶ ಮಾತ್ರ. ಗರ್ಭಿಣಿಯರಲ್ಲಿಯೂ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿಯೂ ಈ ಪ್ರೋಟೀನು ಹೆಚ್ಚುವುದರಿಂದ, ರೋಗವಿಲ್ಲದಿದ್ದರೂ ಒಟ್ಟು ಟಿ4 ಮಿತಿ ಮೀರಿ ಕಾಣುತ್ತದೆ. ಅಳತೆಯ ಘಟಕವನ್ನೂ ನೋಡಬೇಕು: ಕೆಲವು ಪ್ರಯೋಗಾಲಯಗಳು ಫ್ರೀ ಟಿ4ಅನ್ನು ಲೀಟರಿಗೆ ಇಷ್ಟು ಪಿಕೊಮೋಲ್ ಎಂದು ಕೊಡುತ್ತವೆ. ಡೆಸಿಲೀಟರಿನ ನ್ಯಾನೊಗ್ರಾಂ ಅಂಕಿಯನ್ನು 12.87ರಿಂದ ಗುಣಿಸಿದರೆ ಅದು ಸಿಗುತ್ತದೆ. ಅತ್ತೆಯವರ 4.2 ಆ ಲೆಕ್ಕದಲ್ಲಿ 54 ಆಗುತ್ತದೆ. ಘಟಕ ನೋಡದೆ ಎರಡು ವರದಿಗಳನ್ನು ಪಕ್ಕದಲ್ಲಿಟ್ಟರೆ ಯಾರಿಗಾದರೂ ಗಾಬರಿಯಾದೀತು.

ಕಣಜ ಸೋರುತ್ತಿದೆಯೋ, ಹೊಲ ಹೆಚ್ಚು ಬೆಳೆಯುತ್ತಿದೆಯೋ

ಹಾರ್ಮೋನು ಹೆಚ್ಚಾಗಿದೆ ಎಂದು ತಿಳಿದ ಮೇಲೆ ಏಕೆ ಹೆಚ್ಚಾಯಿತು ಎಂದು ಕೇಳಬೇಕು. ಥೈರಾಯ್ಡ್ ಗ್ರಂಥಿ ತಾನು ತಯಾರಿಸಿದ ಹಾರ್ಮೋನನ್ನು ಕೂಡಲೇ ರಕ್ತಕ್ಕೆ ಬಿಡದೆ, ವಾರಗಳಿಗೆ ಸಾಕಾಗುವಷ್ಟನ್ನು ತನ್ನೊಳಗಿನ ಕೊಲಾಯ್ಡ್‌ನಲ್ಲಿ ಕೂಡಿಡುತ್ತದೆ. ಇದನ್ನು ನಾನು ಕಣಜವೆಂದು ನೆನಪಿಟ್ಟುಕೊಂಡಿದ್ದೇನೆ. ಗ್ರೇವ್ಸ್ ರೋಗದಲ್ಲಿ ದೇಹದ ಪ್ರತಿಕಾಯಗಳೇ ಟಿಎಸ್‌ಎಚ್‌ನ ಜಾಗದಲ್ಲಿ ಕುಳಿತು ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುತ್ತವೆ. ಅಂದರೆ ಹೊಲವೇ ಮಿತಿ ಮೀರಿ ಬೆಳೆಯುತ್ತಿದೆ. ಥೈರಾಯ್ಡಿಟಿಸ್‌ನಲ್ಲಿ, ಉದಾಹರಣೆಗೆ ಹೆರಿಗೆಯ ನಂತರದ ತಿಂಗಳುಗಳಲ್ಲಿ ಕೆಲವರಿಗೆ ಬರುವ ಉರಿಯೂತದಲ್ಲಿ, ಬೆಳೆ ಹೆಚ್ಚಿಲ್ಲ; ಕಣಜ ಒಡೆದು ಹಳೆಯ ದಾಸ್ತಾನು ಚೆಲ್ಲುತ್ತಿದೆ. ರಕ್ತದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ, ಆದರೆ ಚಿಕಿತ್ಸೆ ಬೇರೆ. ಹೊಸ ಬೆಳೆಯನ್ನು ತಡೆಯುವ ಮಾತ್ರೆಯನ್ನು ಕಣಜ ಸೋರುತ್ತಿರುವವರಿಗೆ ಕೊಟ್ಟು ಪ್ರಯೋಜನವಿಲ್ಲ.

ಇವೆರಡನ್ನು ಬೇರ್ಪಡಿಸಲು ನನಗೆ ತುಂಬ ಇಷ್ಟವಾದ ಒಂದು ಸುಲಭ ಲೆಕ್ಕವಿದೆ. ಒಟ್ಟು ಟಿ3ಅನ್ನು ನ್ಯಾನೊಗ್ರಾಂನಲ್ಲಿ, ಒಟ್ಟು ಟಿ4ಅನ್ನು ಮೈಕ್ರೊಗ್ರಾಂನಲ್ಲಿ ತೆಗೆದುಕೊಂಡು ಭಾಗಿಸಬೇಕು. ಉತ್ತರ 20ಕ್ಕಿಂತ ಹೆಚ್ಚಾದರೆ ಗ್ರೇವ್ಸ್ ಕಡೆಗೆ, ಕಡಿಮೆಯಾದರೆ ಥೈರಾಯ್ಡಿಟಿಸ್ ಕಡೆಗೆ ವಾಲುತ್ತದೆ, ಏಕೆಂದರೆ ಅತಿಯಾಗಿ ದುಡಿಯುವ ಗ್ರಂಥಿ ಟಿ4ಗೆ ಹೋಲಿಸಿದರೆ ಟಿ3ಅನ್ನು ಸಹಜಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಹೊರಹಾಕುತ್ತದೆ. ಅತ್ತೆಯವರ 410ಅನ್ನು 18ರಿಂದ ಭಾಗಿಸಿದರೆ ಸುಮಾರು 23 ಬರುತ್ತದೆ. ಇದು ದಿಕ್ಕು ತೋರಿಸುವ ಲೆಕ್ಕವೇ ಹೊರತು ತೀರ್ಪಲ್ಲ. ಖಚಿತಪಡಿಸಲು ಟಿಎಸ್‌ಎಚ್ ಗ್ರಾಹಕದ ಪ್ರತಿಕಾಯದ ಪರೀಕ್ಷೆ, ಅಂದರೆ ಟ್ರ್ಯಾಬ್, ಇಲ್ಲವೇ ಟೆಕ್ನೀಷಿಯಂ ಸ್ಕ್ಯಾನ್ ಬೇಕು. ಸ್ಕ್ಯಾನಿನಲ್ಲಿ ಗ್ರೇವ್ಸ್ ಗ್ರಂಥಿ ಇಡಿಯಾಗಿ ಬೆಳಗುತ್ತದೆ, ಥೈರಾಯ್ಡಿಟಿಸ್‌ನಲ್ಲಿ ಕಂಡೂ ಕಾಣದಂತಿರುತ್ತದೆ, ಗಂಟಿನಿಂದ ರೋಗ ಬಂದಿದ್ದರೆ ಆ ಗಂಟು ಮಾತ್ರ ಹೊಳೆಯುತ್ತದೆ. ಅತ್ತೆಯವರ ಟ್ರ್ಯಾಬ್ ಮಿತಿಯ ನಾಲ್ಕೈದು ಪಟ್ಟು ಇದ್ದುದರಿಂದ ಸ್ಕ್ಯಾನಿನ ಅಗತ್ಯ ಬೀಳಲಿಲ್ಲ.

ನಾನು ಎಡವಿದ ಜಾಗ

ಹೊಸ ಹಾರ್ಮೋನಿನ ತಯಾರಿಯನ್ನು ತಡೆಯುವ ಕಾರ್ಬಿಮಜೋಲ್ ದಿನಕ್ಕೆ 30 ಮಿಲಿಗ್ರಾಂ ಮತ್ತು ಎದೆಬಡಿತಕ್ಕೆ ಪ್ರೊಪ್ರನೊಲಾಲ್ ಶುರುವಾದವು. ಆರು ವಾರದ ನಂತರ ಎರಡನೆಯ ವರದಿ ಬಂದಿತು. ನಾನು ಮೊದಲು ನೋಡಿದ್ದು ಟಿಎಸ್‌ಎಚ್ ಸಾಲನ್ನು. ಅದು 0.01ಕ್ಕಿಂತ ಕಡಿಮೆ, ಮೊದಲಿನ ಹಾಗೆಯೇ. ಮಾತ್ರೆ ಕೆಲಸ ಮಾಡುತ್ತಿಲ್ಲ, ಪ್ರಮಾಣ ಹೆಚ್ಚಿಸಬೇಕಾಗಬಹುದು ಎಂದು ಅತ್ತೆಯವರಿಗೆ ಹೇಳಿಯೂ ಬಿಟ್ಟೆ. ಅವರು ಮಾತ್ರ ಈಗ ಬೇರೆಯದೇ ತೊಂದರೆ ಹೇಳುತ್ತಿದ್ದರು: ಮೀನಖಂಡ ಹಿಡಿದುಕೊಳ್ಳುತ್ತದೆ, ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿರುತ್ತದೆ, ಹಗಲೆಲ್ಲ ನಿದ್ದೆ ಎಳೆಯುತ್ತದೆ. ಆ ಮಾತಿಗೆ ನಾನು ಕಿವಿಗೊಡಲಿಲ್ಲ.

ವೈದ್ಯರು ವರದಿಯ ಟಿಎಸ್‌ಎಚ್ ಸಾಲನ್ನು ಬೆರಳಿನಿಂದ ಮುಚ್ಚಿ, ಉಳಿದುದನ್ನು ಓದು ಎಂದು ನನಗೆ ಹೇಳಿದರು. ಫ್ರೀ ಟಿ4 0.6. ಒಟ್ಟು ಟಿ3 95. ಟಿ4 ಸಹಜ ಮಿತಿಗಿಂತ ಕೆಳಗೆ ಜಾರಿತ್ತು. ಮಾತ್ರೆ ಬೇಕಾದುದಕ್ಕಿಂತ ಹೆಚ್ಚು ಕೆಲಸ ಮಾಡಿತ್ತು. ಪ್ರಮಾಣವನ್ನು 10 ಮಿಲಿಗ್ರಾಂಗೆ ಇಳಿಸಿದರು. ನನ್ನ ಮಾತಿನಂತೆ ನಡೆದಿದ್ದರೆ ಆಗಲೇ ಹಾರ್ಮೋನು ಕೊರತೆಯಾಗಿದ್ದ ಅತ್ತೆಯವರಿಗೆ ಇನ್ನಷ್ಟು ಮಾತ್ರೆ ಬೀಳುತ್ತಿತ್ತು.

ಹಾಗಾದರೆ ಹಾರ್ಮೋನು ಕಡಿಮೆಯಾದರೂ ಟಿಎಸ್‌ಎಚ್ ಏಕೆ ಏಳಲಿಲ್ಲ? ಇದನ್ನು ಎರಡು ತುಂಡಾಗಿ ಬಿಡಿಸಿಕೊಂಡ ಮೇಲೆಯೇ ನನಗೆ ಅರ್ಥವಾಯಿತು.

ಮೊದಲನೆಯದು, ಟಿಎಸ್‌ಎಚ್ ಮತ್ತು ಫ್ರೀ ಟಿ4ನ ನಡುವಿನ ಸಂಬಂಧ ಸರಳ ಏರಿಳಿತದ್ದಲ್ಲ, ಘಾತದ್ದು. ಫ್ರೀ ಟಿ4 ಎರಡು ಪಟ್ಟಾದರೆ ಟಿಎಸ್‌ಎಚ್ ಅರ್ಧವಾಗುವುದಿಲ್ಲ, ಸುಮಾರು ನೂರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಒಬ್ಬರ ಫ್ರೀ ಟಿ4 1 ಇದ್ದಾಗ ಟಿಎಸ್‌ಎಚ್ 2 ಇತ್ತು ಎಂದಿಟ್ಟುಕೊಳ್ಳಿ. ಫ್ರೀ ಟಿ4 2 ಆದಾಗ ಟಿಎಸ್‌ಎಚ್ 0.02ರ ಆಸುಪಾಸಿಗೆ ಬರುತ್ತದೆ. ಫ್ರೀ ಟಿ4 4 ಆದರೆ ಲೆಕ್ಕದ ಪ್ರಕಾರ 0.0002. ಆದರೆ ಯಂತ್ರ ನಂಬಿಕೆಯಿಂದ ಅಳೆಯುವುದು ಸಾಮಾನ್ಯವಾಗಿ 0.01ರವರೆಗೆ. ಅದರ ಕೆಳಗೆ ಎಷ್ಟೇ ಆಳವಿದ್ದರೂ ವರದಿಯಲ್ಲಿ ಅಚ್ಚಾಗುವುದು 0.01ಕ್ಕಿಂತ ಕಡಿಮೆ ಎಂಬ ಒಂದೇ ಮಾತು. ಆದ್ದರಿಂದ ಈ ಸಾಲು ರೋಗವಿದೆ ಎಂಬುದನ್ನು ಮೊದಲು ಹಿಡಿದುಕೊಡುವುದರಲ್ಲಿ ಬಹಳ ಸೂಕ್ಷ್ಮವಾದುದು, ಆದರೆ ರೋಗದ ತೀವ್ರತೆ ಎಷ್ಟು, ಅದು ತಗ್ಗುತ್ತಿದೆಯೇ ಎಂಬುದನ್ನು ಹೇಳಲಾರದು. ಬಾವಿಯ ತಳ ಮುಟ್ಟಿದ ಹಗ್ಗವನ್ನು ಇನ್ನೂ ಬಿಡುತ್ತ ಹೋದರೆ ಆಳ ತಿಳಿಯದು. ಹಗ್ಗ ಸಡಿಲವಾಗುತ್ತದೆ, ಅಷ್ಟೆ.

ಎರಡನೆಯದು, ಪಿಟ್ಯುಟರಿ ಎಚ್ಚರಗೊಳ್ಳಲು ಬೇಕಾಗುವ ಕಾಲ. ನಾನು ಮೊದಲು ಅರ್ಧಾಯುಷ್ಯದ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಹಿಡಿಯುವ ಕಾಲದ, ಲೆಕ್ಕ ಹಾಕಿ ಗೊಂದಲಕ್ಕೀಡಾದೆ. ಟಿ4ನ ಅರ್ಧಾಯುಷ್ಯ ಸುಮಾರು ಏಳು ದಿನ, ಟಿ3ರದು ಸುಮಾರು ಒಂದು ದಿನ, ಟಿಎಸ್‌ಎಚ್‌ನದು ಒಂದು ಗಂಟೆಯಷ್ಟು. ಹೀಗಿದ್ದ ಮೇಲೆ ಟಿಎಸ್‌ಎಚ್ ಎಲ್ಲಕ್ಕಿಂತ ಬೇಗ ಬದಲಾಗಬೇಕಲ್ಲವೇ ಎಂದು ನನ್ನ ವಾದ. ಅರ್ಧಾಯುಷ್ಯ ಹೇಳುವುದು ರಕ್ತಕ್ಕೆ ಬಂದ ಟಿಎಸ್‌ಎಚ್ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ಮಾತ್ರ. ಅದನ್ನು ತಯಾರಿಸುವ ಕೋಶಗಳು ಎಷ್ಟು ಬೇಗ ಚೇತರಿಸಿಕೊಳ್ಳುತ್ತವೆ ಎಂಬುದನ್ನಲ್ಲ. ತಿಂಗಳುಗಟ್ಟಲೆ ಹೆಚ್ಚು ಹಾರ್ಮೋನು ಕಂಡು ಸುಮ್ಮನಾಗಿದ್ದ ಪಿಟ್ಯುಟರಿಯ ಕೋಶಗಳು, ಹಾರ್ಮೋನು ಸಹಜಕ್ಕೆ ಬಂದ ಮೇಲೆಯೂ ವಾರಗಟ್ಟಲೆ, ಕೆಲವರಲ್ಲಿ ಹಲವು ತಿಂಗಳು, ಬಾಯಿ ಬಿಡುವುದಿಲ್ಲ. ಬಹಳ ಕಾಲ ಕೂಗದೆ ಇದ್ದವರಿಗೆ ಕೂಗಬೇಕೆನಿಸಿದರೂ ಸ್ವರ ಹೊರಡದಂತೆ ಇದು.

ಹೀಗಾಗಿ ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಪ್ರಮಾಣ ನಿರ್ಧಾರವಾಗುವುದು ಫ್ರೀ ಟಿ4 ಮತ್ತು ಟಿ3 ನೋಡಿ, ನಾಲ್ಕರಿಂದ ಆರು ವಾರಕ್ಕೊಮ್ಮೆ. ಎರಡನ್ನೂ ನೋಡಬೇಕು ಎಂಬುದಕ್ಕೆ ಕಾರಣವಿದೆ: ಗ್ರೇವ್ಸ್‌ನಲ್ಲಿ ಕೆಲವರಿಗೆ ಟಿ4 ಇಳಿದರೂ ಟಿ3 ಮೇಲೆಯೇ ಉಳಿದಿರುತ್ತದೆ. ಅಂಥವರಲ್ಲಿ ಟಿ4 ಒಂದನ್ನೇ ನಂಬಿ ಮಾತ್ರೆ ಕಡಿಮೆ ಮಾಡಿದರೆ ಅದೂ ತಪ್ಪೇ. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಈ ಅವಧಿಯಲ್ಲಿ ಕೆಳಗಿರುವ ಟಿಎಸ್‌ಎಚ್ ನಂಬಿಕೆಗೆ ಅರ್ಹವಲ್ಲದಿದ್ದರೂ, ಮೇಲೆದ್ದ ಟಿಎಸ್‌ಎಚ್ ನಂಬಿಕೆಗೆ ಅರ್ಹವೇ. ಮಾತ್ರೆಯಲ್ಲಿರುವವರ ಟಿಎಸ್‌ಎಚ್ 9 ಎಂದು ಬಂದರೆ ಪಿಟ್ಯುಟರಿ ಎದ್ದಿದೆ, ಹಾರ್ಮೋನು ಸಾಲದೆ ಕೂಗುತ್ತಿದೆ ಎಂದೇ ಅರ್ಥ. ಅತ್ತೆಯವರ ಮೂರನೆಯ ವರದಿಯಲ್ಲಿ, ಹನ್ನೆರಡನೆಯ ವಾರ, ಫ್ರೀ ಟಿ4 1.2 ಇದ್ದಾಗಲೂ ಟಿಎಸ್‌ಎಚ್ 0.02 ಮಾತ್ರ. ಐದನೆಯ ತಿಂಗಳಲ್ಲಿ ಅದು 0.9ಕ್ಕೆ ಬಂದಿತು.

ಮೊದಲ ಎರಡು ಮೂರು ವಾರ ಮಾತ್ರೆಯಿಂದ ಏನೂ ಆಗಿಲ್ಲವೆಂದು ಅನೇಕರು ಬೇಸರಿಸುವುದಕ್ಕೂ ಕಣಜದ ಲೆಕ್ಕವೇ ಉತ್ತರ. ಕಾರ್ಬಿಮಜೋಲ್ ದೇಹದಲ್ಲಿ ಮೆಥಿಮಜೋಲ್ ಆಗಿ ಬದಲಾಗಿ, ಅಯೋಡಿನನ್ನು ಹಾರ್ಮೋನಿಗೆ ಸೇರಿಸುವ ಕಿಣ್ವವನ್ನು ತಡೆಯುತ್ತದೆ. ಹೊಸ ಬೆಳೆ ನಿಲ್ಲುತ್ತದೆ, ಕಣಜದಲ್ಲಿರುವುದು ಖರ್ಚಾಗುವವರೆಗೆ ರಕ್ತಕ್ಕೆ ಬರುತ್ತಲೇ ಇರುತ್ತದೆ. ಅಲ್ಲಿಯವರೆಗೆ ನಡುಕವನ್ನೂ ಎದೆಬಡಿತವನ್ನೂ ಹಿಡಿದಿಡುವುದು ಪ್ರೊಪ್ರನೊಲಾಲ್. ಆಸ್ತಮಾ ಇರುವವರಿಗೆ ಅದು ಹೊಂದುವುದಿಲ್ಲ.

ಕೂದಲಿನ ಮಾತ್ರೆ ಮತ್ತು ಸುಳ್ಳು ವರದಿ

ಇದು ನಮ್ಮ ಪಾಠದಲ್ಲಿ ಇರಲಿಲ್ಲ, ಆದರೆ ಇರಬೇಕಿತ್ತು. ಕೂದಲು, ಉಗುರಿಗೆಂದು ಅಂಗಡಿಯಲ್ಲಿ ಸಿಗುವ ಬಯೋಟಿನ್ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಇರುತ್ತದೆ. ದೇಹಕ್ಕೆ ದಿನಕ್ಕೆ ಬೇಕಾದುದು ಸುಮಾರು 30 ಮೈಕ್ರೊಗ್ರಾಂ. ಹಲವು ಯಂತ್ರಗಳಲ್ಲಿ ಅಳೆಯುವ ಪ್ರತಿಕಾಯವನ್ನು ತಟ್ಟೆಗೆ ಕಟ್ಟಿಹಾಕಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಜೋಡಿಯನ್ನು ಬಳಸುತ್ತಾರೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಸ್ಟ್ರೆಪ್ಟಾವಿಡಿನ್‌ನ ಆಸನಗಳನ್ನೆಲ್ಲ ಅದೇ ಹಿಡಿದುಬಿಡುತ್ತದೆ, ಅಳೆಯಬೇಕಾದುದು ತೊಳೆದು ಹೋಗುತ್ತದೆ, ಬೆಳಕಿನ ಸಂಕೇತ ಕಡಿಮೆಯಾಗುತ್ತದೆ.

ಟಿಎಸ್‌ಎಚ್ ದೊಡ್ಡ ಅಣು. ಎರಡು ಪ್ರತಿಕಾಯಗಳ ನಡುವೆ ಅದನ್ನು ಹಿಡಿಯುತ್ತಾರೆ, ಅಲ್ಲಿ ಸಂಕೇತ ಕಡಿಮೆಯಾದರೆ ಫಲಿತಾಂಶವೂ ಕಡಿಮೆ. ಟಿ4 ಸಣ್ಣ ಅಣು. ಗುರುತು ಹಚ್ಚಿದ ಟಿ4 ಜೊತೆ ಪೈಪೋಟಿಗೆ ಬಿಟ್ಟು ಅಳೆಯುತ್ತಾರೆ. ಅಲ್ಲಿ ರೋಗಿಯ ಟಿ4 ಹೆಚ್ಚಿದ್ದಷ್ಟೂ ಸಂಕೇತ ಕಡಿಮೆ, ಹಾಗಾಗಿ ಸಂಕೇತ ಕುಸಿದರೆ ಯಂತ್ರ ಟಿ4 ಹೆಚ್ಚೆಂದು ಬರೆಯುತ್ತದೆ. ಒಂದೇ ಅಡಚಣೆಯಿಂದ ಟಿಎಸ್‌ಎಚ್ ಕಡಿಮೆ, ಟಿ4 ಮತ್ತು ಟಿ3 ಹೆಚ್ಚು. ಟ್ರ್ಯಾಬ್ ಕೂಡ ಸುಳ್ಳಾಗಿ ಹೆಚ್ಚು ಬರಬಹುದು. ಗ್ರೇವ್ಸ್‌ನ ಪೂರ್ಣ ಚಿತ್ರ, ರೋಗವಿಲ್ಲದೆಯೇ. ರಕ್ತ ಕೊಡುವ ಎರಡು ದಿನ ಮೊದಲಾದರೂ ಈ ಮಾತ್ರೆ ನಿಲ್ಲಿಸಬೇಕು. ರೋಗಿಗೆ ಯಾವ ಲಕ್ಷಣವೂ ಇಲ್ಲ, ವರದಿ ಮಾತ್ರ ಭಯಂಕರವಾಗಿದೆ ಎಂದಾದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಚಿಕಿತ್ಸೆಯ ಉಳಿದ ಮಾತು

ಕಾರ್ಬಿಮಜೋಲ್ ನುಂಗುವ ಪ್ರತಿಯೊಬ್ಬರಿಗೂ ಹೇಳಲೇಬೇಕಾದ ಎಚ್ಚರಿಕೆ ಒಂದಿದೆ. ಅಪರೂಪಕ್ಕೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಇದು ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಜ್ವರ, ಗಂಟಲುನೋವು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ರಕ್ತಕಣಗಳ ಎಣಿಕೆ ಮಾಡಿಸಬೇಕು, ನೆಗಡಿಯಿರಬಹುದೆಂದು ಕಾಯಬಾರದು. ಅತ್ತೆಯವರ ಮಾತ್ರೆ ಡಬ್ಬಿಯ ಮೇಲೆ ಇದನ್ನು ಚೀಟಿ ಬರೆದು ಅಂಟಿಸಿದ್ದೇನೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಮಾತ್ರೆ ಬೇಕೇಬೇಕಾದರೆ ಕಾರ್ಬಿಮಜೋಲ್ ಬದಲು ಪ್ರೊಪೈಲ್‌ಥಯೋಯುರಾಸಿಲ್ ಕೊಡುತ್ತಾರೆ, ಆದರೆ ಅದು ಯಕೃತ್ತಿಗೆ ತೀವ್ರ ಹಾನಿ ಮಾಡಬಲ್ಲದಾದ್ದರಿಂದ ಇತರರಿಗೆ ಮೊದಲ ಆಯ್ಕೆಯಲ್ಲ.

ವಿಕಿರಣ ಅಯೋಡಿನ್-131 ಮತ್ತು ಶಸ್ತ್ರಚಿಕಿತ್ಸೆ ಉಳಿದ ಎರಡು ದಾರಿಗಳು. ಈ ವಿಕಿರಣ ಅಯೋಡಿನನ್ನು ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಕೊಡುವಂತಿಲ್ಲ. ಗ್ರೇವ್ಸ್‌ನ ಕಣ್ಣಿನ ತೊಂದರೆ ಇರುವವರಲ್ಲಿ, ಅದರಲ್ಲಿಯೂ ಧೂಮಪಾನಿಗಳಲ್ಲಿ, ಇದರಿಂದ ಆ ತೊಂದರೆ ಉಲ್ಬಣಿಸಬಹುದು. ಎರಡೂ ದಾರಿಗಳಲ್ಲಿ ಬಹುತೇಕರು ಮುಂದೆ ಜೀವನವಿಡೀ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ.

ಅತ್ತೆಯವರು ಮಾತ್ರೆಯ ದಾರಿಯನ್ನೇ ಆರಿಸಿಕೊಂಡಿದ್ದಾರೆ. ಅದರ ಅವಧಿ ಸಾಮಾನ್ಯವಾಗಿ 12ರಿಂದ 18 ತಿಂಗಳು. ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಜನರಲ್ಲಿ ರೋಗ ಮರಳುತ್ತದೆ. ಯಾರಲ್ಲಿ ಮರಳಬಹುದೆಂದು ಅಂದಾಜಿಸಲು ನಿಲ್ಲಿಸುವ ಮೊದಲು ಟ್ರ್ಯಾಬ್ ಮತ್ತೆ ಮಾಡಿಸುತ್ತಾರೆ. ಟಿಎಸ್‌ಎಚ್, ಟಿ4 ಎರಡೂ ಸಹಜವಾಗಿದ್ದರೂ ಟ್ರ್ಯಾಬ್ ಇನ್ನೂ ಹೆಚ್ಚಿದ್ದರೆ, ಹೊಲವನ್ನು ದುಡಿಸುವ ಪ್ರತಿಕಾಯಗಳು ಹೋಗಿಲ್ಲ, ಮಾತ್ರೆ ಅವನ್ನು ತಡೆದು ನಿಲ್ಲಿಸಿದೆ ಅಷ್ಟೆ ಎಂದು ಓದಬೇಕು. ಅತ್ತೆಯವರ ಆ ಪರೀಕ್ಷೆಗೆ ಇನ್ನೂ ಏಳು ತಿಂಗಳಿವೆ.